ಸಾಫ್ಟ್ ಪ್ಲಾಸ್ಟಿಕ್‌ಗೆ ಯಾವ ಹುಕ್? ಬಾಸ್ ಹಿಡಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಸ್‌ನ ಫ್ರಿಸ್ಕೊ, ಪ್ಲೇನೊ, ಇರ್ವಿಂಗ್ ಕಡೆ ಇರುವ ನಮ್ಮ ಕನ್ನಡದವರಲ್ಲಿ ಬಾಸ್ ಮೀನಿನ ಹುಚ್ಚು ಹತ್ತಿದವರು ಹಲವರಿದ್ದಾರೆ. ಮನೆ ಪಕ್ಕದ ಕೊಳದಲ್ಲಿ ಶುರುವಾದದ್ದು ರೇ ರಾಬರ್ಟ್ಸ್, ಲೇಕ್ ಫೋರ್ಕ್ ಜಲಾಶಯಗಳ ತನಕ ಎಳೆದುಕೊಂಡು ಹೋಗುತ್ತದೆ. ಅಂಗಡಿಯಲ್ಲಿ ಸಾಫ್ಟ್ ಪ್ಲಾಸ್ಟಿಕ್‌ನ, ಅಂದರೆ ಮೀನಿಗೆ ಒಡ್ಡುವ ಮೆತ್ತನೆಯ ಪ್ಲಾಸ್ಟಿಕ್ ಹುಳುವಿನ ಬಣ್ಣ ಆರಿಸಲು ಅರ್ಧ ಗಂಟೆ ಹಿಡಿಯುತ್ತದೆ, ಹುಕ್ ಮಾತ್ರ ಕೈಗೆ ಸಿಕ್ಕ ಪ್ಯಾಕೆಟ್. ಮೀನು ಕಚ್ಚಿದ ಮೇಲೆ ಅದನ್ನು ಹಿಡಿದು ನಿಲ್ಲಿಸುವುದು ಹುಕ್ಕೇ ಅಲ್ವಾ? ಅದಕ್ಕೇ ಈ ಪುಟ. ಇಲ್ಲಿರುವುದೆಲ್ಲ ಲಾರ್ಜ್‌ಮೌತ್ ಬಾಸ್‌ಗೆ, ಅಮೆರಿಕದ ಕೆರೆ ಕೊಳಗಳಿಗೆ ಹೊಂದುವ ಮಾತು.

ಹುಕ್ ಆರಿಸುವಾಗ ಮೊದಲು ಏನು ನೋಡಬೇಕು? ಮೀನಿನ ಗಾತ್ರವನ್ನೇ?

ಅಲ್ಲ. ಮೊದಲು ಪ್ಲಾಸ್ಟಿಕ್ ನೋಡಿ. ಅದರ ಉದ್ದಕ್ಕಿಂತ ದಪ್ಪ ಮುಖ್ಯ. ಆಮೇಲೆ ನಿಮ್ಮ ಲೈನ್ (ಗಾಳದ ದಾರ) ಮತ್ತು ರಾಡ್ (ಗಾಳದ ಕೋಲು) ನೋಡಿ. ಕೊನೆಗೆ ನೀರು: ಖಾಲಿ ನೀರಾ, ಜೊಂಡು ತುಂಬಿದೆಯಾ, ಮುಳುಗಿದ ಮರಗಳಿವೆಯಾ.

"ದೊಡ್ಡ ಮೀನು ಬೇಕು, ದೊಡ್ಡ ಹುಕ್ ಕೊಡಿ" ಎನ್ನುವವರು ಜಾಸ್ತಿ. ಬಾಸ್ ಬಾಯಿ ಎಷ್ಟು ದೊಡ್ಡದೆಂದರೆ, 2 ಪೌಂಡಿನ ಮೀನಿಗೂ 3/0 ಹುಕ್ ಆರಾಮಾಗಿ ಬಾಯೊಳಗೆ ಹೋಗುತ್ತದೆ. ಅದೇ 3/0 ಹುಕ್ 8 ಪೌಂಡಿನ ಮೀನನ್ನೂ ದಡಕ್ಕೆ ತರುತ್ತದೆ, ಸರಿಯಾಗಿ ನಾಟಿಕೊಂಡಿದ್ದರೆ. ನಾಟುತ್ತದೋ ಇಲ್ಲವೋ ಎನ್ನುವುದನ್ನು ನಿರ್ಧರಿಸುವುದು ಹುಕ್ಕಿನ ಬಾಯಿಗೂ ಪ್ಲಾಸ್ಟಿಕ್‌ನ ದಪ್ಪಕ್ಕೂ ಇರುವ ಹೊಂದಾಣಿಕೆ. ಕೆಳಗಿನ ಬಹುತೇಕ ಉತ್ತರಗಳು ಇದೇ ಮಾತಿನಿಂದ ಹುಟ್ಟಿದವು.

ಸಂಖ್ಯೆಗಳು ತಲೆ ತಿನ್ನುತ್ತವೆ. 2 ದೊಡ್ಡದಾ, 2/0 ದೊಡ್ಡದಾ?

2/0 ದೊಡ್ಡದು. ಬರೀ ಸಂಖ್ಯೆ ಇದ್ದರೆ, ಸಂಖ್ಯೆ ಏರಿದಂತೆ ಹುಕ್ ಚಿಕ್ಕದಾಗುತ್ತದೆ: 1 ಕ್ಕಿಂತ 2 ಚಿಕ್ಕದು, 2 ಕ್ಕಿಂತ 4 ಚಿಕ್ಕದು. ಪಕ್ಕದಲ್ಲಿ ಸೊನ್ನೆ ಬಂದರೆ ಲೆಕ್ಕ ತಿರುಗುತ್ತದೆ: 1/0, 2/0, 3/0 ಹೀಗೆ ದೊಡ್ಡದಾಗುತ್ತಾ ಹೋಗುತ್ತದೆ. ಅಂಗಡಿಯಲ್ಲಿ 3/0 ಅನ್ನು "ಥ್ರೀ ಆಟ್" ಎಂದು ಕೇಳಿ. ಬಾಸ್‌ನ ಪ್ಲಾಸ್ಟಿಕ್‌ಗಳಿಗೆ 2 ರಿಂದ 5/0 ತನಕ ಇದ್ದರೆ ಹೆಚ್ಚಿನ ಕೆಲಸ ಮುಗಿಯುತ್ತದೆ.

ಒಂದು ಎಚ್ಚರಿಕೆ. ಈ ಸಂಖ್ಯೆಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಇಲ್ಲ. ಒಬ್ಬರ 3/0 ಇನ್ನೊಬ್ಬರ 4/0 ಹತ್ತಿರ ಬರಬಹುದು. ಹಾಗಾಗಿ ಪ್ಯಾಕೆಟ್ ಮೇಲಿನ ಸಂಖ್ಯೆಯನ್ನು ಅಂದಾಜಿಗೆ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಪಕ್ಕದಲ್ಲಿ ಹುಕ್ ಹಿಡಿದು ಕಣ್ಣಳತೆಯಲ್ಲಿ ನಿರ್ಧರಿಸಿ.

ಗ್ಯಾಪ್ ಗ್ಯಾಪ್ ಅಂತ ಎಲ್ಲರೂ ಹೇಳ್ತಾರೆ. ಅದೇನು, ಅಷ್ಟೊಂದು ಮುಖ್ಯ ಯಾಕೆ?

ಹುಕ್ಕಿನ ಕಡ್ಡಿಗೂ ಮೊನೆಗೂ ನಡುವೆ ಇರುವ ಜಾಗವೇ ಗ್ಯಾಪ್. ಇದರ ಕೆಲಸ ಗೊತ್ತಾಗಬೇಕೆಂದರೆ ಮೀನಿನ ಬಾಯಿಯೊಳಗೆ ಏನಾಗುತ್ತದೆ ಎಂದು ನೋಡಬೇಕು.

5 ಇಂಚಿನ ಸೆಂಕೊ (ಕಡ್ಡಿಯಂತೆ ನೇರವಾದ ಪ್ಲಾಸ್ಟಿಕ್ ಹುಳು) ತಗೊಳ್ಳಿ. ಹೆಚ್ಚುಕಮ್ಮಿ ಕಿರುಬೆರಳಿನ ದಪ್ಪ, ಉಪ್ಪು ತುಂಬಿರುವುದರಿಂದ ಭಾರ, ಮೈ ಮೆತ್ತಗೆ. ಮೊನೆಯನ್ನು ಅದರ ಮೈಯೊಳಗೆ ಅಡಗಿಸಿ ಎಸೆದಿದ್ದೀರಿ. ಬಾಸ್ ಅದನ್ನು ನೀರಿನ ಸಮೇತ ಒಳಗೆಳೆದುಕೊಂಡು ದವಡೆ ಮುಚ್ಚುತ್ತದೆ. ನೀವು ರಾಡ್ ಎತ್ತುತ್ತೀರಿ. ಆ ಕ್ಷಣದಲ್ಲಿ ಪ್ಲಾಸ್ಟಿಕ್ ತಲೆಯಿಂದ ಜಾರಿ, ಸುಕ್ಕಾಗಿ, ಹುಕ್ಕಿನ ಬಾಗಿನಲ್ಲಿ ಗುಡ್ಡೆಯಾಗಿ ಕೂರುತ್ತದೆ. ಗ್ಯಾಪ್ ಚಿಕ್ಕದಿದ್ದರೆ ಆ ಗುಡ್ಡೆಯೇ ಗ್ಯಾಪನ್ನು ಪೂರ್ತಿ ತುಂಬುತ್ತದೆ. ಮೊನೆಗೆ ಮೀನಿನ ದವಡೆ ಸಿಗುವುದೇ ಇಲ್ಲ. ಮೀನು ಎರಡು ಸೆಕೆಂಡ್ ಎಳೆದಾಡಿ ಬಾಯಿ ಬಿಡುತ್ತದೆ, ಪ್ಲಾಸ್ಟಿಕ್ ಮುದುಡಿಕೊಂಡು ವಾಪಸ್ ಬರುತ್ತದೆ. ಇದು ಎಲ್ಲರಿಗೂ ಪರಿಚಯದ ದೃಶ್ಯ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪ್ಲಾಸ್ಟಿಕ್ ಹಾಕಿದ ಮೇಲೆ ಮೊನೆ ಅಡಗಿರುವ ಜಾಗದ ಹತ್ತಿರ ಹೆಬ್ಬೆರಳು, ತೋರುಬೆರಳಿನಿಂದ ಮೈಯನ್ನು ಒತ್ತಿ ಕಡ್ಡಿಯ ಕಡೆಗೆ ತಳ್ಳಿ, ಬೆರಳು ಮೊನೆಗೆ ತಾಗದಂತೆ ಜೋಪಾನ. ಮೊನೆ, ಅದರ ಕೆಳಗಿನ ಮುಳ್ಳು ಎರಡೂ ಸಲೀಸಾಗಿ ಹೊರಗೆ ಬಂದರೆ ಹುಕ್ ಸರಿ ಇದೆ. ಮೊನೆ ಮಾತ್ರ ಇಣುಕಿದರೆ ಒಂದು ಸೈಜ್ ಮೇಲಕ್ಕೆ ಹೋಗಿ. ಸಾಮಾನ್ಯ ಲೆಕ್ಕ: ಗ್ಯಾಪ್ ಪ್ಲಾಸ್ಟಿಕ್‌ನ ದಪ್ಪಕ್ಕಿಂತ ಎರಡರಷ್ಟಾದರೂ ಇರಲಿ.

ಹಾಗಂತ ಬೇಕಾಬಿಟ್ಟಿ ದೊಡ್ಡದೂ ಬೇಡ. ತೆಳ್ಳಗಿನ ಹುಳುವಿಗೆ 5/0 ಹಾಕಿದರೆ ಅದರ ಕುಣಿತವೇ ಸತ್ತುಹೋಗುತ್ತದೆ. ನೀರಲ್ಲಿ ಕಡ್ಡಿ ಬಿದ್ದಂತೆ ಬೀಳುತ್ತದೆ.

ಆಫ್‌ಸೆಟ್ ವರ್ಮ್ ಹುಕ್, ಇ.ಡಬ್ಲ್ಯೂ.ಜಿ., ಸ್ಟ್ರೈಟ್ ಶ್ಯಾಂಕ್: ಮೂರರಲ್ಲಿ ಯಾವುದು?

ಮೂರಕ್ಕೂ ಬೇರೆ ಬೇರೆ ಕೆಲಸ.

ಆಫ್‌ಸೆಟ್ ವರ್ಮ್ ಹುಕ್ಕಿನಲ್ಲಿ ಕಣ್ಣಿನ (ದಾರ ಕಟ್ಟುವ ತೂತಿನ) ಕೆಳಗೆ ಒಂದು ಮುರಿವು ಇರುತ್ತದೆ, ಪ್ಲಾಸ್ಟಿಕ್‌ನ ತಲೆ ಅಲ್ಲಿ ಕೂತು ಜಾರದೆ ನಿಲ್ಲುತ್ತದೆ. ಕೆಳಗಿನ ಬಾಗು ಗುಂಡಗಿರುತ್ತದೆ. ಉದ್ದನೆಯ, ತೆಳ್ಳನೆಯ ಹುಳುಗಳಿಗೆ, ಬಾಲ ಅಲ್ಲಾಡಿಸುವ ರಿಬ್ಬನ್ ಟೇಲ್ ವರ್ಮ್‌ಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮೊನೆ ತೆರೆದ ಕೋನದಲ್ಲಿ ಇರುವುದರಿಂದ ಬೇಗ ನಾಟುತ್ತದೆ.

ಇ.ಡಬ್ಲ್ಯೂ.ಜಿ. ಅಂದರೆ ಎಕ್ಸ್‌ಟ್ರಾ ವೈಡ್ ಗ್ಯಾಪ್. ಬಾಗು ಹೊಟ್ಟೆಯಂತೆ ಕೆಳಗೆ ಇಳಿದು, ಮೊನೆ ಮತ್ತೆ ಮೇಲೆ ಬಂದು ಕಣ್ಣಿನ ಸಾಲಿಗೇ ನಿಲ್ಲುತ್ತದೆ. ಸೆಂಕೊ, ಕೊಳವೆಯಂಥ ಟ್ಯೂಬ್, ಸಣ್ಣ ಮೀನಿನಾಕಾರದ ಫ್ಲೂಕ್, ಕೈಕಾಲು ಜಾಸ್ತಿ ಇರುವ ಕ್ರೀಚರ್ ಬೇಟ್, ಒಟ್ಟಿನಲ್ಲಿ ದಪ್ಪ ಮೈ ಇರುವ ಎಲ್ಲದಕ್ಕೂ ಇದೇ. ಪ್ಲಾಸ್ಟಿಕ್ ಮಡಚಿಕೊಳ್ಳಲು ಜಾಗ ಸಿಗುತ್ತದೆ. ಒಂದು ಕೊರತೆಯೂ ಇದೆ: ಮೊನೆ ಕಣ್ಣಿನ ಸಾಲಲ್ಲೇ ಇರುವುದರಿಂದ ಎಳೆದಾಗ ಕೆಲವೊಮ್ಮೆ ದವಡೆಗೆ ಕಚ್ಚದೆ ಜಾರಿ ಬರುತ್ತದೆ. ಅದಕ್ಕೇ ತೆಳ್ಳನೆಯ ಹುಳುವಿಗೆ ಇದನ್ನು ಹಾಕಬೇಡಿ ಎನ್ನುತ್ತೇನೆ. ಅಲ್ಲಿ ಹೆಚ್ಚಿನ ಗ್ಯಾಪ್‌ನ ಲಾಭ ಇಲ್ಲ, ಕೊರತೆ ಮಾತ್ರ ಉಳಿಯುತ್ತದೆ.

ಸ್ಟ್ರೈಟ್ ಶ್ಯಾಂಕ್ ಹುಕ್ಕಿನಲ್ಲಿ ಮುರಿವಿಲ್ಲ, ಕಡ್ಡಿ ನೇರ. ದಟ್ಟ ಜೊಂಡು, ಪೊದೆ, ಮರದ ಕೊಂಬೆಗಳ ನಡುವೆ ಹತ್ತಿರದಿಂದ ಇಳಿಸಿ ಹಿಡಿಯುವ ಫ್ಲಿಪ್ಪಿಂಗ್‌ಗೆ ಹೇಳಿ ಮಾಡಿಸಿದ್ದು. ಇದನ್ನು ಸ್ನೆಲ್ ಗಂಟಿನಲ್ಲಿ, ಅಂದರೆ ದಾರವನ್ನು ಕಡ್ಡಿಗೆ ಸುತ್ತಿ ಕಟ್ಟಬೇಕು. ದಾರ ಕಣ್ಣಿನಿಂದ ಮೊನೆ ಇರುವ ಕಡೆಗೆ ಹೊರಡಬೇಕು. ಹಾಗೆ ಕಟ್ಟಿದಾಗ, ಎಳೆದ ತಕ್ಷಣ ದಾರದಲ್ಲಿ ಹುಕ್ಕಿನ ಮುಂದೆ ಪೋಣಿಸಿದ ತೂಕ ಹುಕ್ಕಿಗೆ ಬಡಿದು ಮೊನೆ ಹೊರಕ್ಕೆ ಒದೆಯುತ್ತದೆ, ಮೀನಿನ ಮೇಲ್ದವಡೆಗೆ ನಾಟುತ್ತದೆ. ಈ ಗಂಟು ಕಲಿಯಲು ಒಂದು ಸಂಜೆ ಖರ್ಚು ಮಾಡಿ, ಖಂಡಿತ ಸಾರ್ಥಕ.

ಯಾವ ಪ್ಲಾಸ್ಟಿಕ್‌ಗೆ ಯಾವ ಸೈಜ್ ಅಂತ ನೇರವಾಗಿ ಹೇಳಿಬಿಡಿ.

4 ರಿಂದ 4.5 ಇಂಚಿನ ತೆಳ್ಳನೆಯ ಫಿನೆಸ್ ವರ್ಮ್‌ಗೆ 1/0 ಅಥವಾ 2/0 ಆಫ್‌ಸೆಟ್. 6 ಇಂಚಿನ ಹುಳುವಿಗೆ 3/0. 7-8 ಇಂಚಿಗೆ 4/0. 10 ಇಂಚಿನ ದೊಡ್ಡ ಹುಳುವಿಗೆ 5/0.

5 ಇಂಚಿನ ಸೆಂಕೊವನ್ನು ಟೆಕ್ಸಸ್ ರಿಗ್ ಮಾಡಿದರೆ (ಮೊನೆ ಮೈಯೊಳಗೆ ಅಡಗುವಂತೆ ಪೋಣಿಸಿದರೆ) 3/0 ಅಥವಾ 4/0 ಇ.ಡಬ್ಲ್ಯೂ.ಜಿ. 4 ಇಂಚಿನ ಟ್ಯೂಬ್‌ಗೆ 3/0 ಅಥವಾ 4/0 ಇ.ಡಬ್ಲ್ಯೂ.ಜಿ. 5 ಇಂಚಿನ ಫ್ಲೂಕ್‌ಗೆ 4/0. ಬ್ರಷ್ ಹಾಗ್ ತರದ ಕ್ರೀಚರ್‌ಗಳಿಗೆ, ದಪ್ಪ ಕ್ರಾಗಳಿಗೆ (ಸಿಗಡಿಯಂಥ ಆಕಾರದವು) 4/0, ದೊಡ್ಡವಕ್ಕೆ 5/0. ಇದು ಶುರು ಮಾಡುವ ಜಾಗ ಅಷ್ಟೇ. ಕೊನೆಯ ಮಾತು ಮೇಲೆ ಹೇಳಿದ ಒತ್ತಿ ನೋಡುವ ಪರೀಕ್ಷೆಯದ್ದು.

ಟೆಕ್ಸಸ್ ರಿಗ್ ಹಾಕುವುದು ಹೇಗೆ? ನನ್ನ ಹುಳು ಯಾವಾಗಲೂ ಸೊಟ್ಟಗೇ ಕೂರುತ್ತದೆ.

ಮೆತ್ತನೆಯ ಪ್ಲಾಸ್ಟಿಕ್ ಹುಳುವನ್ನು ಒಹಾಯೊದ ಆಕ್ರನ್‌ನಲ್ಲಿ ನಿಕ್ ಕ್ರೀಮ್ 1949 ರ ಸುಮಾರಿಗೆ ತಯಾರಿಸಿದರು. ಆಮೇಲೆ ಆ ಕಂಪನಿ ಟೆಕ್ಸಸ್‌ನ ಟೈಲರ್ ಊರಿಗೆ ಬಂತು. ಇಲ್ಲಿನ ಜಲಾಶಯಗಳ ಕಥೆ ಗೊತ್ತಲ್ಲ, ಕಾಡನ್ನೇ ಮುಳುಗಿಸಿ ನೀರು ನಿಲ್ಲಿಸಿದ್ದಾರೆ. ಮೊನೆ ಹೊರಗಿದ್ದರೆ ಪ್ರತಿ ಎಸೆತಕ್ಕೂ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸುವ ಈ ವಿಧಾನಕ್ಕೆ ಟೆಕ್ಸಸ್ ಹೆಸರು ಬಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ದಾರಕ್ಕೆ ಬುಲೆಟ್ ವೇಟ್ (ಗುಂಡಿನ ಆಕಾರದ ತೂಕ) ಪೋಣಿಸಿ, ಹುಕ್ ಕಟ್ಟಿ. ಹುಳುವಿನ ತಲೆಯ ನಟ್ಟನಡುವೆ ಮೊನೆ ಚುಚ್ಚಿ, ಕಾಲು ಇಂಚು ಒಳಗೆ ತಳ್ಳಿ, ಹೊಟ್ಟೆಯ ಕಡೆಯಿಂದ ಹೊರತೆಗೆಯಿರಿ. ಹುಕ್ಕನ್ನು ಪೂರ್ತಿ ಎಳೆದು, ಕಣ್ಣಿನ ಕೆಳಗಿನ ಮುರಿವು ಹುಳುವಿನ ತಲೆಯೊಳಗೆ ಕೂರುವಂತೆ ಮಾಡಿ. ಈಗ ಹುಕ್ಕನ್ನು ಅರ್ಧ ಸುತ್ತು ತಿರುಗಿಸಿ, ಮೊನೆ ಹುಳುವಿನ ಮೈ ಕಡೆ ಮುಖ ಮಾಡಲಿ.

ಎಲ್ಲರೂ ಎಡವುವುದು ಇನ್ನು ಮುಂದಿನ ಹೆಜ್ಜೆಯಲ್ಲಿ. ಹುಳುವನ್ನು ಎಳೆಯದೆ, ಒತ್ತದೆ, ಸುಮ್ನೆ ನೇತು ಬಿಡಿ. ಹುಕ್ಕಿನ ಬಾಗು ಹುಳುವಿನ ಮೈಯ ಯಾವ ಜಾಗಕ್ಕೆ ಬರುತ್ತದೋ ನೋಡಿ, ಅಲ್ಲಿ ಉಗುರಿನಿಂದ ಗುರುತು ಮಾಡಿ. ಅದೇ ಗುರುತಿನಲ್ಲಿ ಮೊನೆಯನ್ನು ನೇರವಾಗಿ ಚುಚ್ಚಿ ಬೆನ್ನಿನ ಕಡೆ ಹೊರತನ್ನಿ. ಗುರುತಿಗಿಂತ ಮೇಲೆ ಚುಚ್ಚಿದರೆ ಹುಳು ಬಿಗಿದುಕೊಳ್ಳುತ್ತದೆ, ಕೆಳಗೆ ಚುಚ್ಚಿದರೆ ಗೂನಾಗುತ್ತದೆ. ಸೊಟ್ಟಗಿದ್ದ ಹುಳು ನೀರಲ್ಲಿ ಗಿರಗಿರ ತಿರುಗುತ್ತದೆ, ಲೈನ್ ಹುರಿಯಾಗುತ್ತದೆ, ಮೀನೂ ಹತ್ತಿರ ಬರುವುದಿಲ್ಲ.

ಕೊನೆಗೆ ಹೊರಬಂದ ಮೊನೆಯ ತುದಿಯನ್ನು ಬೆನ್ನಿನ ಚರ್ಮದಡಿ ಕೂದಲೆಳೆಯಷ್ಟು ಮಾತ್ರ ಸಿಕ್ಕಿಸಿ. ಇದಕ್ಕೆ ಸ್ಕಿನ್ ಹುಕ್ ಮಾಡುವುದು ಎನ್ನುತ್ತಾರೆ. ಜೊಂಡಿಗೆ ಸಿಕ್ಕುವುದಿಲ್ಲ, ಮೀನು ಕಚ್ಚಿದಾಗ ಮಾತ್ರ ತಟ್ಟನೆ ಹೊರಬರುತ್ತದೆ.

ಎರಡು ಮೂರು ಎಸೆತಕ್ಕೇ ಪ್ಲಾಸ್ಟಿಕ್ ತಲೆಯಿಂದ ಜಾರಿ ಕೆಳಗೆ ಬರುತ್ತದೆ. ಏನು ಮಾಡಲಿ?

ತಲೆಯ ತೂತು ಹರಿದು ದೊಡ್ಡದಾಗಿದ್ದರೆ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಚುಚ್ಚಿ. ಹೊಸ ಪ್ಲಾಸ್ಟಿಕ್ಕೇ ಜಾರುತ್ತಿದ್ದರೆ ಕಡ್ಡಿಗೆ ಪ್ಲಾಸ್ಟಿಕ್ ಅಥವಾ ತಂತಿಯ ಕೀಪರ್ ಇರುವ ಹುಕ್ ಕೊಳ್ಳಿ. ಸ್ಕ್ರೂ ಲಾಕ್ ಇರುವವೂ ಸಿಗುತ್ತವೆ, ಸ್ಪ್ರಿಂಗಿನಂಥ ತಂತಿಗೆ ತಲೆಯನ್ನು ತಿರುಗಿಸಿ ಕೂರಿಸುವುದು. ಒಂದು ಹನಿ ಸೂಪರ್ ಗ್ಲೂ ಕೂಡ ಕೆಲಸ ಮಾಡುತ್ತದೆ. ಇನ್ನೊಂದು ಹಳೆಯ ಉಪಾಯ: ದಪ್ಪ ಮಾನೊ (ಒಂದೇ ಎಳೆಯ ನೈಲಾನ್) ಲೈನಿನ ತುಂಡನ್ನು ಹುಳುವಿನ ತಲೆಯ ಅಡ್ಡಕ್ಕೆ, ಹುಕ್ಕಿನ ಕಣ್ಣಿನ ಮೂಲಕ ಹಾಯಿಸಿ ಎರಡೂ ಕಡೆ ಕತ್ತರಿಸುವುದು.

ಹುಕ್ಕಿನ ತಂತಿ ತೆಳುವಾಗಿರಬೇಕಾ, ದಪ್ಪ ಇರಬೇಕಾ?

ಇದನ್ನು ಹೇಳುವುದು ನಿಮ್ಮ ಲೈನ್ ಮತ್ತು ರಾಡ್. ಸ್ಪಿನ್ನಿಂಗ್ ರೀಲ್, 8 ಪೌಂಡ್ ತಡೆಯುವ ಫ್ಲೋರೋಕಾರ್ಬನ್ ಲೈನ್, ಮೆತ್ತನೆಯ ರಾಡ್ ಇದ್ದರೆ ತೆಳು ತಂತಿ. ನೀವು ಎಷ್ಟೇ ಜೋರಾಗಿ ಎಳೆದರೂ ಆ ರಾಡ್ ಬಾಗಿಬಿಡುತ್ತದೆ, ದಪ್ಪ ಹುಕ್ಕನ್ನು ದವಡೆಯೊಳಗೆ ತಳ್ಳುವ ಶಕ್ತಿ ಅದಕ್ಕಿಲ್ಲ. ತೆಳು ಹುಕ್ ಸಣ್ಣ ಒತ್ತಡಕ್ಕೇ ಇಳಿಯುತ್ತದೆ.

ಅದೇ 50-65 ಪೌಂಡ್ ಬ್ರೇಡ್ (ಹೆಣೆದ ಲೈನ್), ಗಡಸು ರಾಡ್ ಹಿಡಿದು ಜೊಂಡಿನೊಳಗಿಂದ ಮೀನನ್ನು ಎಳೆಯುವುದಾದರೆ ದಪ್ಪ ತಂತಿಯೇ ಬೇಕು. ಬ್ರೇಡ್ ಹಿಗ್ಗುವುದಿಲ್ಲ, ಅಲ್ಲಿ ತೆಳು ಹುಕ್ ನೇರವಾಗಿ ಬಿಚ್ಚಿಕೊಂಡು ವಾಪಸ್ ಬರುತ್ತದೆ. ನಡುವಿನ 12-17 ಪೌಂಡ್ ಫ್ಲೋರೋಕಾರ್ಬನ್‌ಗೆ ಮಧ್ಯಮ ತಂತಿಯ ಸಾಮಾನ್ಯ ಹುಕ್ ಸಾಕು. ಮೀನು ಸಿಕ್ಕಿ ತಪ್ಪಿಸಿಕೊಂಡಾಗ ಹುಕ್ಕಿನ ಬಾಗನ್ನು ಒಮ್ಮೆ ನೋಡಿ. ಸ್ವಲ್ಪ ಅಗಲವಾಗಿದ್ದರೂ ಎಸೆದುಬಿಡಿ, ಬಗ್ಗಿಸಿ ಸರಿ ಮಾಡಿದ ತಂತಿ ಇನ್ನೊಮ್ಮೆ ಮೋಸ ಮಾಡುತ್ತದೆ.

ವ್ಯಾಕಿ ರಿಗ್‌ಗೆ ಯಾವ ಹುಕ್?

ಸೈಜ್ 1 ಅಥವಾ 1/0. ಗುಂಡಗೆ, ಕಡ್ಡಿ ಗಿಡ್ಡ, ಬಾಯಿ ತೆರೆದಿರುವ ವ್ಯಾಕಿ ಹುಕ್ ಎಂದೇ ಮಾರುತ್ತಾರೆ. ಸೆಂಕೊವನ್ನು ನಡುಮಧ್ಯ ಚುಚ್ಚಿ, ಎರಡೂ ತುದಿ ನೇತಾಡುವಂತೆ ಬಿಡುವುದೇ ಈ ರಿಗ್. ಬೇಸಿಗೆಯಲ್ಲಿ ಮನೆ ಪಕ್ಕದ ಕೊಳಕ್ಕೆ ಹೋಗುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಮಕ್ಕಳೂ ಹಾಕಬಹುದು, ಎಸೆದು ಸುಮ್ನೆ ಮುಳುಗಲು ಬಿಟ್ಟರೆ ಸಾಕು, ಎರಡು ತುದಿಗಳೂ ನಡುಗುತ್ತಾ ಇಳಿಯುತ್ತವೆ.

ಬರೀ ಪ್ಲಾಸ್ಟಿಕ್‌ಗೆ ಚುಚ್ಚಿದರೆ ಒಂದೆರಡು ಮೀನಿಗೇ ಸೆಂಕೊ ಹರಿಯುತ್ತದೆ. ನಡುವಿಗೆ ರಬ್ಬರ್ ಓ-ರಿಂಗ್ ತೊಡಿಸಿ ಅದರ ಕೆಳಗೆ ಹುಕ್ ಸಿಕ್ಕಿಸಿ. ಜೊಂಡು ಇದ್ದರೆ ಮೊನೆಯ ಮುಂದೆ ತಂತಿಯ ವೀಡ್ ಗಾರ್ಡ್ ಇರುವ ಹುಕ್ ಕೊಳ್ಳಿ.

ಇದರಲ್ಲಿ ಒಂದು ಅಪಾಯ: ಲೈನ್ ಸಡಿಲ ಇರುವುದರಿಂದ ಮೀನು ಕಚ್ಚಿದ್ದು ಕೈಗೆ ಗೊತ್ತಾಗುವಷ್ಟರಲ್ಲಿ ನುಂಗಿರುತ್ತದೆ. ಕಣ್ಣು ಲೈನಿನ ಮೇಲೇ ಇರಲಿ. ಅದು ಪಕ್ಕಕ್ಕೆ ಸರಿದರೆ, ಜಿಗಿದರೆ, ಬೇಗ ನಿಂತರೆ ಕೂಡಲೇ ರೀಲ್ ಸುತ್ತಿ ಬಿಗಿ ಮಾಡಿ. ದೊಡ್ಡದಾಗಿ ರಾಡ್ ಬೀಸಬೇಕಿಲ್ಲ, ಮೊನೆ ಹೊರಗೇ ಇದೆ.

ಡ್ರಾಪ್ ಶಾಟ್‌ಗೆ?

ಜಪಾನಿನಲ್ಲಿ ಬೆಳೆದು ಅಮೆರಿಕಕ್ಕೆ ಬಂದ ವಿಧಾನ ಇದು. ತೂಕ ಕೆಳಗೆ, ಹುಕ್ ಅದರ ಮೇಲೆ ಒಂದು ಅಡಿ ಎತ್ತರದಲ್ಲಿ. ಸೈಜ್ 1 ಅಥವಾ 2 ರ ಚಿಕ್ಕ ಹುಕ್, ಹುಳುವಿನ ಮೂಗಿಗೆ ಮಾತ್ರ ಚುಚ್ಚುವುದು. ಪಾಲೊಮಾರ್ ಗಂಟು ಹಾಕಿ, ಉಳಿದ ದಾರದ ತುದಿಯನ್ನು ಮೊನೆಯ ಕಡೆಯಿಂದ ಕಣ್ಣಿನೊಳಗೆ ಮತ್ತೊಮ್ಮೆ ಹಾಯಿಸಿದರೆ ಹುಕ್ ಲೈನಿಗೆ ಅಡ್ಡಲಾಗಿ, ಮೊನೆ ಮೇಲಾಗಿ ನಿಲ್ಲುತ್ತದೆ. ಕೊಂಬೆಗಳ ನಡುವೆ ಹಾಕುವುದಾದರೆ 1/0 ಆಫ್‌ಸೆಟ್ ಹಾಕಿ, ಹುಳುವನ್ನು ಟೆಕ್ಸಸ್ ರಿಗ್‌ನಂತೆಯೇ ಪೋಣಿಸಿ.

ನೆಡ್ ರಿಗ್‌ಗೆ ಬೇರೆ ಹುಕ್ ಕೊಳ್ಳಬೇಕಾ?

ಹೌದು, ಹುಕ್ ಮತ್ತು ತೂಕ ಒಂದೇ ಆಗಿರುವ ಅಣಬೆ ತಲೆಯ ಜಿಗ್ ಹೆಡ್. ಕ್ಯಾನ್ಸಸ್‌ನ ನೆಡ್ ಕೇಡಿ ಅವರ ಹೆಸರಿನಿಂದ ಬಂದದ್ದು. 2.75 ಇಂಚಿನ ಗಿಡ್ಡ ಪ್ಲಾಸ್ಟಿಕ್, 1/15 ಅಥವಾ 1/10 ಔನ್ಸ್ ತೂಕ, ತೆಳು ತಂತಿ. ಮೊನೆ ಹೊರಗೇ ಇರುತ್ತದೆ, ಹಾಗಾಗಿ ಕಲ್ಲು, ಜಲ್ಲಿ ತಳಕ್ಕೆ ಚೆನ್ನ, ಪಾಚಿ ತಳಕ್ಕೆ ಬೇಡ. ನೆಡ್ ರಿಗ್‌ಗೆ ಬರುವ ಇಲಾಜ್‌ಟೆಕ್ ಪ್ಲಾಸ್ಟಿಕ್‌ಗಳನ್ನು ಬೇರೆ ಪ್ಲಾಸ್ಟಿಕ್‌ಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಎರಡೂ ಕರಗಿ ಅಂಟಾಗುತ್ತವೆ.

ಮೀನಿನ ಆಕಾರದ ಸ್ವಿಮ್‌ಬೇಟ್ ಪಕ್ಕಕ್ಕೆ ಮಲಗಿಕೊಂಡು ಬರುತ್ತದೆ. ಹುಕ್ಕಿನ ತಪ್ಪೇ?

ಹೆಚ್ಚಾಗಿ ಹೌದು. ಹೊಟ್ಟೆಯ ಕೆಳಗೆ ತೂಕ ಬೇಕು. ಕಡ್ಡಿಗೋ ಬಾಗಿಗೋ ತೂಕ ಅಂಟಿಸಿದ, ಮುಂದೆ ಸ್ಕ್ರೂ ಇರುವ ವೆಯ್ಟೆಡ್ ಸ್ವಿಮ್‌ಬೇಟ್ ಹುಕ್ ಕೊಳ್ಳಿ. 3.8 ಇಂಚಿನ ಸ್ವಿಮ್‌ಬೇಟ್‌ಗೆ 4/0, 5 ಇಂಚಿನ ಹತ್ತಿರದವಕ್ಕೆ 5/0 ಅಥವಾ 6/0. ಸ್ಕ್ರೂ ಮೂಗಿನ ನಟ್ಟನಡುವೆ ಕೂರಬೇಕು. ಒಂದು ಕೂದಲು ಆಚೀಚೆ ಆದರೂ ಓರೆಯಾಗಿ ಈಜುತ್ತದೆ. ದಡದ ಹತ್ತಿರ ಒಮ್ಮೆ ನೀರಲ್ಲಿ ಎಳೆದು ನೋಡಿ, ಆಮೇಲೆ ದೂರ ಎಸೆಯಿರಿ.

ಕೆಂಪು ಹುಕ್, ಕಪ್ಪು ಹುಕ್, ಯಾವ ಬಣ್ಣ?

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆ ದುಡ್ಡಲ್ಲಿ ಇನ್ನೊಂದು ಸೈಜಿನ ಪ್ಯಾಕೆಟ್ ಕೊಳ್ಳಿ.

ಹುಕ್ ಚೂಪಾಗಿದೆಯಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತದೆ?

ಹೆಬ್ಬೆರಳ ಉಗುರಿನ ಮೇಲೆ ಮೊನೆಯನ್ನು ಓರೆಯಾಗಿ ಇಟ್ಟು ಮೆಲ್ಲಗೆ ಎಳೆಯಿರಿ, ಒತ್ತಬೇಡಿ. ಉಗುರಿಗೆ ಕಚ್ಚಿಕೊಂಡು ನಿಂತರೆ ಚೂಪಾಗಿದೆ. ಜಾರಿ ಹೋದರೆ ಮೊಂಡಾಗಿದೆ. ಕಲ್ಲಿಗೆ, ಮರಕ್ಕೆ ಸಿಕ್ಕಿ ಬಿಡಿಸಿದ ಪ್ರತಿ ಸಲವೂ ಹೀಗೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೊನೆಯ ತುದಿ ಮಡಚಿರುವುದು ಬರಿಗಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಗೊತ್ತಾಗುತ್ತದೆ.

ಈಗಿನ ಒಳ್ಳೆಯ ಹುಕ್‌ಗಳ ಮೊನೆಯನ್ನು ರಾಸಾಯನಿಕದಲ್ಲಿ ಅದ್ದಿ ಚೂಪು ಮಾಡಿರುತ್ತಾರೆ. ಅರದಿಂದ ಉಜ್ಜಿದರೆ ಮೇಲಿನ ಲೇಪನ ಹೋಗಿ ತುಕ್ಕು ಬೇಗ ಹಿಡಿಯುತ್ತದೆ. ಮೊಂಡಾದರೆ ಬದಲಿಸುವುದೇ ಸರಿ. ಒದ್ದೆ ಹುಕ್ಕನ್ನು ಒಣ ಹುಕ್‌ಗಳ ಡಬ್ಬಿಗೆ ಹಾಕಬೇಡಿ, ಒಂದರಿಂದ ಇಡೀ ಡಬ್ಬಿಗೇ ತುಕ್ಕು ಬರುತ್ತದೆ.

ದುಬಾರಿ ಬ್ರ್ಯಾಂಡೇ ಬೇಕಾ?

ಜಪಾನಿನ ಹ್ಯೋಗೊ ಕಡೆಯ ಗಾಮಕಾಟ್ಸು, ಓನರ್ ಹುಕ್‌ಗಳ ಮೊನೆ ಪ್ಯಾಕೆಟ್ ತೆರೆದ ಕ್ಷಣದಿಂದಲೇ ಸೂಜಿಯಷ್ಟು ಚೂಪು. ನಾರ್ವೆಯಲ್ಲಿ ಹುಟ್ಟಿದ ಮಸ್ಟಾಡ್ 1877 ರಿಂದ ಹುಕ್ ಮಾಡುತ್ತಿದೆ, ಡೆನ್ವರ್‌ನ ಈಗಲ್ ಕ್ಲಾ ಕೂಡ ಹಳೆಯ ಹೆಸರು. ಇವುಗಳಲ್ಲೂ ಒಳ್ಳೆಯ ಮಾಲಿದೆ. ಹೆಸರಿಗಿಂತ ಉಗುರಿನ ಪರೀಕ್ಷೆ ನಂಬಿ. ಹೆಸರಿಲ್ಲದ ನೂರರ ಪ್ಯಾಕ್ ಮಾತ್ರ ಬೇಡ. ಕಣ್ಣಿನ ಹತ್ತಿರ ಸಂದು ಸರಿಯಾಗಿ ಮುಚ್ಚಿರುವುದಿಲ್ಲ, ಲೈನ್ ಅಲ್ಲೇ ಕತ್ತರಿಸಿಕೊಂಡು ಹೋಗುತ್ತದೆ.

ಕಚ್ಚುವುದು ಗೊತ್ತಾಗುತ್ತದೆ, ಎಳೆದರೆ ಮೀನಿಲ್ಲ. ಹುಕ್ ಬದಲಿಸಲಾ?

ಮೊದಲು ವಾಪಸ್ ಬಂದ ಪ್ಲಾಸ್ಟಿಕ್ ನೋಡಿ, ಅದೇ ಹೇಳುತ್ತದೆ. ಬಾಲ ಮಾತ್ರ ತುಂಡಾಗಿದ್ದರೆ ಕಚ್ಚಿದ್ದು ಹೆಚ್ಚಾಗಿ ಬಾಸ್ ಅಲ್ಲ, ಬ್ಲೂಗಿಲ್ ಎಂಬ ಚಿಕ್ಕ ಮೀನು. ಕೊಳಗಳಲ್ಲಿ ಟಕ ಟಕ ಎಂದು ಬರುವ ಚಿಕ್ಕ ಏಟುಗಳು ಹೆಚ್ಚಾಗಿ ಅದರದ್ದೇ, ಅದಕ್ಕೆ ಹುಕ್ ಬದಲಿಸಿ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಬಾಗಿನಲ್ಲಿ ಮುದುಡಿದ್ದು, ಮೊನೆ ಇನ್ನೂ ಒಳಗೇ ಇದ್ದರೆ ಗ್ಯಾಪ್ ಸಾಲದು, ಅಥವಾ ಮೊನೆಯನ್ನು ಆಳಕ್ಕೆ ಹುದುಗಿಸಿದ್ದೀರಿ. ಮೊನೆ ಹೊರಗೆ ಬಂದಿದ್ದೂ ಮೀನು ತಪ್ಪಿದ್ದರೆ ಹುಕ್ ಮೊಂಡು, ಇಲ್ಲವೇ ತಂತಿ ನಿಮ್ಮ ರಾಡ್‌ಗೆ ದಪ್ಪವಾಯಿತು. ಸಡಿಲ ಲೈನನ್ನು ಸುತ್ತಿಕೊಳ್ಳದೆ ರಾಡ್ ಎತ್ತಿದರೂ ಹೀಗೆಯೇ ಆಗುತ್ತದೆ.

ಮೀನು ಹುಕ್ ನುಂಗಿಬಿಟ್ಟರೆ?

ಈ ಪ್ರಶ್ನೆ ಕೇಳುವವರು ಇನ್ನೂ ಜಾಸ್ತಿ ಆಗಬೇಕು ಎಂದು ನನ್ನ ಆಸೆ. ಲೇಕ್ ಫೋರ್ಕ್‌ನಲ್ಲಿ 16 ರಿಂದ 24 ಇಂಚಿನ ನಡುವಿನ ಬಾಸ್ ಇಟ್ಟುಕೊಳ್ಳುವಂತಿಲ್ಲ, ನೀರಿಗೇ ಬಿಡಬೇಕು. ಟೆಕ್ಸಸ್‌ನ ಬೇರೆ ಹೆಚ್ಚಿನ ಕೆರೆಗಳಲ್ಲೂ 14 ಇಂಚಿಗಿಂತ ಚಿಕ್ಕ ಲಾರ್ಜ್‌ಮೌತ್ ಬಿಡಲೇಬೇಕು. ಬಿಟ್ಟ ಮೀನು ಬದುಕದಿದ್ದರೆ ಬಿಟ್ಟು ಏನು ಬಂತು?

ಹುಕ್ ತುಟಿ, ದವಡೆಯಲ್ಲಿದ್ದರೆ ಇಕ್ಕಳದಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ತೆಗೆಯಿರಿ. ಗಂಟಲಿನಾಚೆ ಹೋಗಿ ಕಾಣದಿದ್ದರೆ ಎಳೆದಾಡಬೇಡಿ. ಲೈನನ್ನು ಹುಕ್ಕಿನ ಹತ್ತಿರ ಕತ್ತರಿಸಿ ಬಿಟ್ಟುಬಿಡಿ. ಒಂದು ಹುಕ್ಕಿನ ಬೆಲೆ ದೊಡ್ಡದಲ್ಲ. ಸ್ಟೇನ್‌ಲೆಸ್ ಹುಕ್ ಸಿಹಿನೀರಿಗೆ ತರಬೇಡಿ ಎನ್ನುವುದೂ ಇದಕ್ಕೇ, ಅದು ತುಕ್ಕು ಹಿಡಿದು ಸವೆಯುವುದಿಲ್ಲ. ಮಕ್ಕಳ ಜೊತೆ ಹೋಗುವಾಗ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಲೈನ್ ಬಿಗಿ ಇಟ್ಟರೆ ಮೀನು ತಪ್ಪುವುದು ಅಪರೂಪ, ಬಿಡಿಸುವುದು ಸುಲಭ, ಮಗುವಿನ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ. ಮುಳ್ಳು ಇರುವ ಹುಕ್ ಆಳಕ್ಕೆ ಇಳಿದರೆ, ಅದರಲ್ಲೂ ಕಣ್ಣಿನ ಹತ್ತಿರ ಚುಚ್ಚಿದರೆ, ನೀವೇ ಕೀಳಲು ಹೋಗದೆ ಸೀದಾ ಆಸ್ಪತ್ರೆಗೆ ಹೋಗಿ. ಎಲ್ಲರಿಗೂ ಸನ್‌ಗ್ಲಾಸ್ ಹಾಕಿಸುವುದು ಇನ್ನೂ ಒಳ್ಳೆಯದು.

ಈಗಷ್ಟೇ ಶುರು ಮಾಡುತ್ತಿದ್ದೇನೆ. ಕಡಿಮೆ ಖರ್ಚಲ್ಲಿ ಯಾವ್ಯಾವ ಪ್ಯಾಕೆಟ್ ಕೊಳ್ಳಲಿ?

ಮೂರು ಸಾಕು. 3/0 ಇ.ಡಬ್ಲ್ಯೂ.ಜಿ. ಒಂದು, 2/0 ಆಫ್‌ಸೆಟ್ ವರ್ಮ್ ಹುಕ್ ಒಂದು, 1/0 ವ್ಯಾಕಿ ಹುಕ್ ಒಂದು. ಜೊತೆಗೆ 5 ಇಂಚಿನ ಸೆಂಕೊ, ತೆಳ್ಳನೆಯ ಫಿನೆಸ್ ವರ್ಮ್, ಸ್ವಲ್ಪ ಓ-ರಿಂಗ್, 1/8 ಮತ್ತು 1/4 ಔನ್ಸ್ ಬುಲೆಟ್ ವೇಟ್. ಒಂದೇ ಪ್ಯಾಕೆಟ್‌ಗೆ ದುಡ್ಡಿದ್ದರೆ 3/0 ಇ.ಡಬ್ಲ್ಯೂ.ಜಿ. ತಗೊಳ್ಳಿ. 17 ವರ್ಷ ತುಂಬಿದವರಿಗೆ ಟೆಕ್ಸಸ್‌ನಲ್ಲಿ ಲೈಸೆನ್ಸ್ ಬೇಕು, ಅದನ್ನು ಮರೆಯಬೇಡಿ.

ಊರಿಗೆ ಹೋಗುವಾಗ ಈ ಹುಕ್‌ಗಳನ್ನು ತಗೊಂಡು ಹೋದರೆ ಉಪಯೋಗ ಆಗುತ್ತದಾ?

ನಮ್ಮ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಇಲ್ಲ. ಆದರೆ ಕೊರವ ಮೀನು ಇದೆ, ಮುರೆಲ್ ಅಂತಲೂ ಕರೆಯುತ್ತಾರೆ. ಜೊಂಡಿನ ಮರೆಯಲ್ಲಿ ಕಾದು ಕಪ್ಪೆಯ ಮೇಲೆ ಎರಗುವ ಮೀನು, ಹಾಗಾಗಿ ಮೆತ್ತನೆಯ ಪ್ಲಾಸ್ಟಿಕ್ ಕಪ್ಪೆಗೆ ಚೆನ್ನಾಗಿ ಬರುತ್ತದೆ. ಅದರ ಬಾಯಿ ಬಾಸ್‌ಗಿಂತ ಗಡಸು, ಹಲ್ಲೂ ಇದೆ. ತೆಳು ತಂತಿಯ ಹುಕ್‌ಗಳನ್ನು ಇಲ್ಲೇ ಬಿಟ್ಟು, ದಪ್ಪ ತಂತಿಯ 4/0, 5/0 ಇ.ಡಬ್ಲ್ಯೂ.ಜಿ. ಮತ್ತು ಬ್ರೇಡ್ ತಗೊಂಡು ಹೋಗಿ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಊರಲ್ಲಿ ಯಾರಾದರೂ ಗುತ್ತಿಗೆ ಪಡೆದಿರುತ್ತಾರೆ, ಅವರನ್ನು ಕೇಳಿಯೇ ದಡಕ್ಕೆ ಇಳಿಯಿರಿ. ಹುಕ್‌ಗಳು ಕೈಚೀಲದಲ್ಲಿ ಬೇಡ. ಮೊನೆಗಳನ್ನು ಥರ್ಮೋಕೋಲ್ ತುಂಡಿಗೆ ಚುಚ್ಚಿ, ಡಬ್ಬಿಯಲ್ಲಿಟ್ಟು, ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ.